ಜೋರ ಬ್ಯಾಡ, ಬ್ಯಾರೆ ಬೇಕು

"ಜೋರ ಬ್ಯಾಡ್ರಿ... ಬ್ಯಾರೆ ಬೇಕು."

ಗಾಡಿಗೆ ಸ್ಟ್ಯಾಂಡ್ ಹಾಕಿ ನಿಂತ ಆ ಮನುಷ್ಯ ಹೇಳಿದ್ದು ಅಷ್ಟೇ. ನಾಹಿದಾ ಕೈಯೊಳಗಿನ ಸ್ಪ್ಯಾನರ್ ಕೆಳಗಿಟ್ಟು ತಲೆಯೆತ್ತಿದಳು.

"ಏನ್ ಬ್ಯಾರೆ ಬೇಕ್ರಿ?"

"ಸಪ್ಪಳ."

"ಸೈಲೆನ್ಸರ್ ಬದಲಿ ಮಾಡಸೂದಿದ್ರ ಬ್ಯಾರೆ ಕಡಿ ಹೋಗ್ರಿ. ಪೊಲೀಸ್ರು ಹಿಡದು ರೋಡ್ ರೋಲರ್ ಹತ್ತಸ್ತಾರ. ಆ ಕೆಲಸ ನಮ್ಮಲ್ಲಿ ಆಗೂದಿಲ್ಲ."

"ಸೈಲೆನ್ಸರ್ ಅಲ್ರಿ. ಕ್ಯಾಮ್ ಬದಲಿ ಮಾಡಬೇಕು."

ನಾಹಿದಾ ಈಗ ಅವನನ್ನು ಬಿಟ್ಟು ಅವನ ಗಾಡಿಯನ್ನು ನೋಡಿದಳು. ಮನುಷ್ಯರು ಹೇಳದ್ದನ್ನು ಗಾಡಿಗಳು ಹೇಳುತ್ತವೆ ಎಂಬುದು ಅವಳ ನಂಬಿಕೆ.

ಭಾರವಾದ ಕ್ರೂಸರ್ ಗಾಡಿ. ಮಡ್‌ಗಾರ್ಡಿನ ಒಳಗೆ ಎರೆಮಣ್ಣು ಒಣಗಿ ಅಂಟಿತ್ತು. ಟೈರು ನಡುವಿನಲ್ಲಿ ಮಾತ್ರ ಸವೆದಿತ್ತು. ಅಂಚುಗಳು ಹೊಸದರಂತೆಯೇ ಇದ್ದವು. ಅಂದರೆ ತಿರುವಿನಲ್ಲೂ ಗಾಡಿ ವಾಲಿಸದ ಮನುಷ್ಯ. ಜೋರು ಓಡಿಸುವವನಲ್ಲ.

ಇಂಥವನಿಗೆ ಎಂಜಿನ್ನಿನ ಓಟವನ್ನೇ ಬದಲಿಸುವ ಹೊಸ ಕ್ಯಾಮ್ ಯಾಕೆ?

ದುರ್ಗದಬೈಲಿನ ಗದ್ದಲ ದಾಟಿದ ಮೇಲೆ ಸಿಗುವ ಸಣ್ಣ ಓಣಿಯಲ್ಲಿ ಮಕಬೂಲಸಾಬರ ಗ್ಯಾರೇಜು. ಜೀವಮಾನವೆಲ್ಲ ಎಂಜಿನ್ನುಗಳ ನಡುವೆ ಕಳೆದ ಸಾಹೇಬರಿಗೆ ಈಗ ಕಿವಿ ಮಂದ. ಬಿಚ್ಚುವ ಕೈ ಇನ್ನೂ ಅವರದೇ. ಕೇಳುವ ಕಿವಿ ಮಾತ್ರ ಮಗಳು ನಾಹಿದಾಳದು. ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ಅವಳು ಗ್ಯಾರೇಜಿಗೇ ಬಂದು ನಿಂತಾಗ ಓಣಿ ನಕ್ಕಿತ್ತು. ಈಗ ಅದೇ ಓಣಿಯವರು "ನಾಹಿದಾ ಒಮ್ಮೆ ಕೇಳಿ ಹೇಳಲಿ" ಎಂದು ಗಾಡಿ ತಂದು ನಿಲ್ಲಿಸುತ್ತಿದ್ದರು.

ಆ ಕಸುಬಿನ ಗುಣ ಅವಳ ಸ್ವಭಾವಕ್ಕೂ ಇಳಿದಿತ್ತು. ಪ್ರತಿ ಸಪ್ಪಳದ ಹಿಂದೆಯೂ ಇನ್ನೊಂದು ಸಪ್ಪಳ ಅಡಗಿರುತ್ತದೆ ಎಂಬ ಅನುಮಾನ... ಗಾಡಿಯ ಮೇಲೂ, ಮನುಷ್ಯರ ಮೇಲೂ.

"ಕ್ಯಾಮ್ ಯಾಕ ಬೇಕ್ರಿ?"

ಅವನು ಸುಮ್ಮನಾದ. ಉತ್ತರ ಹುಡುಕುವವರ ಮೌನದಂತಿರಲಿಲ್ಲ ಅದು. ಉತ್ತರವನ್ನು ಒಳಗಿಟ್ಟು ಬಾಗಿಲು ಹಾಕಿದಂತಿತ್ತು.

"ಸುಮ್ನ," ಎಂದ ಕೊನೆಗೆ.

"ಸುಮ್ನ ಯಾರೂ ಎಂಜಿನ್ ಬಿಚ್ಚಸೂದಿಲ್ರಿ!"

ಮೂಲೆಯಲ್ಲಿ ಕೂತಿದ್ದ ಮಕಬೂಲಸಾಬರು ಮಗಳ ಮುಖ ನೋಡಿಯೇ ಮಾತು ಎತ್ತ ಸಾಗಿದೆ ಎಂದು ತಿಳಿದು ನಕ್ಕರು. "ಬೇಟಿ, ಗಿರಾಕಿಗೆ ಚಹಾ ಹೇಳ್ತೀಯೋ, ಇಲ್ಲಾ ಪೊಲೀಸ್ರ ಹಂಗ ಅವರ ಜಬಾನಿ ತಗೋತೀಯೋ?"

ಅವನೂ ನಕ್ಕ. ಒಂದು ಕ್ಷಣ ಮಾತ್ರ. ಆದರೆ ಆ ಒಂದು ಕ್ಷಣದಲ್ಲಿ ಮುಚ್ಚಿದ ಮುಖವೆಲ್ಲ ಬೆಳಕಾಯಿತು.

ನಾಹಿದಾ ಸಿಟ್ಟಿನಿಂದ ಸ್ಪ್ಯಾನರ್ ಎತ್ತಿಕೊಂಡಳು. ಸಿಟ್ಟು ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ.

*

ಅವನ ಹೆಸರು ಜುಲ್ಫಿಕಾರ. ಕಲಘಟಗಿ, ನವಲಗುಂದದ ಕಡೆಯ ಹೊಲಗಳಲ್ಲಿ ಪಂಪ್‌ಸೆಟ್ ರಿಪೇರಿ ಅವನ ಕೆಲಸ. ಮನೆ ಧಾರವಾಡದಲ್ಲಿ.

'ಧಾರವಾಡದಾಗ ಗ್ಯಾರೇಜ್ ಇಲ್ಲೇನು? ಇಷ್ಟು ದೂರ ಯಾಕ ಬಂದಾನ?' ಅನುಮಾನಕ್ಕೆ ಇನ್ನೊಂದು ಎಳೆ ಸೇರಿತು.

ಎರಡನೆಯ ಸಲ ಬಂದಾಗ ನಾಹಿದಾ ಹಳೆಯ ಪೇಪರಿನ ಮೇಲೆ ಮೂರು ಕ್ಯಾಮ್‌ಶಾಫ್ಟ್ ಸಾಲಾಗಿ ಇಟ್ಟಳು. ಮೊಟ್ಟೆಯಂತೆ ಒಂದು ಕಡೆ ಉಬ್ಬಿದ, ಥಳಥಳ ಹೊಳೆಯುವ ಉಕ್ಕು.

"ಇದು ಎಂಜಿನ್ ಉಸಿರಾಡೋ ಲೆಕ್ಕ ನೋಡ್ರಿ. ಈ ಉಬ್ಬು ವಾಲ್ವ್ ದೂಡತೈತಿ. ಎಷ್ಟು ತೆಗಿಬೇಕು, ಎಷ್ಟು ಹೊತ್ತು ತೆಗದಿರಬೇಕು, ಎಲ್ಲಾ ಇದರ ಕೈಯಾಗ. ಇದು ನಿಮ್ಮ ಗಾಡ್ಯಾಗ ಇರೂ ಅಂಥಾದು. ಆ ಕಡೀದು ರೇಸಿನ ಹುಡುಗರು ಒಯ್ತಾರ. ಮ್ಯಾಲೆ ಓಡಿದಾಗ ಹುಲಿ, ಊರಾಗ ನಿಧಾನ ಹೊಂಟಾಗ ಸತ್ತ ಹೆಣ. ಸ್ಪ್ರಿಂಗೂ ಬದಲಿ ಮಾಡಬೇಕು, ಪೆಟ್ರೋಲೂ ಭಾಳ ಕುಡಿತೈತಿ."

"ನಡುವಿಂದು?"

"ಮೆತ್ತಗಿಂದು. ನಿಮ್ಮಂಥಾವ್ರಿಗೆ ಇದ ಸರಿ. ಕೆಳಗ ಜಗ್ಗತೈತಿ. ಎರೆಹೊಲದ ದಾರ್ಯಾಗ ಸಾಮಾನ ಹೇರಿದ್ರೂ ಉಸಿರು ಬಿಡೂದಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಟಾಪ್ ಸ್ಪೀಡ್ ಕೇಳುತ್ತಿದ್ದರು. ಅವನು ಕೇಳಲಿಲ್ಲ.

"ನಿಂತಾಗ ಸಪ್ಪಳ ಹೆಂಗಿರತೈತ್ರಿ?"

ನಾಹಿದಾ ಮೊಬೈಲಿನಲ್ಲಿದ್ದ ರೆಕಾರ್ಡಿಂಗುಗಳನ್ನು ಕೇಳಿಸಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಒಂದೊಂದನ್ನೂ ಮತ್ತೆ ಮತ್ತೆ.

"ಗ್ವಾಡಿ ಆಚೆ ಕೇಳಿದ್ರ ಹೆಂಗ ಕೇಳಸ್ತೈತಿ?"

"ಏನು?!"

"ಮನ್ಯಾಗ ಕುಂತವ್ರಿಗೆ... ಬಾಗಲಾ ಮುಚ್ಚಿದ್ರ... ನನ್ನ ಗಾಡಿ ಅಂತ ಗೊತ್ತಾಗಬೇಕ್ರಿ. ಇದ ಕಂಪನಿ ಗಾಡಿ ಓಣ್ಯಾಗ ಭಾಳ ಅದಾವು. ಅವುಗಳ ನಡುವ ನಂದು ಗೊತ್ತಾಗಬೇಕು."

ನಾಹಿದಾ ರೆಕಾರ್ಡಿಂಗ್ ನಿಲ್ಲಿಸಿದಳು.

'ಓಹೋ... ಹಿಂಗೈತಿ ವಿಷಯ!'

ಮುಚ್ಚಿದ ಬಾಗಿಲ ಹಿಂದೆ ಯಾರೋ ಕಾಯುತ್ತಾರೆ. ಹಾರ್ನ್ ಹೊಡೆಯುವಂತಿಲ್ಲ, ಕೂಗುವಂತಿಲ್ಲ. ಓಣಿಯವರಿಗೆ ಗೊತ್ತಾಗಬಾರದು, ಒಬ್ಬಳಿಗೆ ಮಾತ್ರ ಗೊತ್ತಾಗಬೇಕು. ಜೋರು ಬೇಡ, ಬೇರೆ ಬೇಕು! ಕದ್ದು ಪ್ರೀತಿಸುವವರ ಸಂಜ್ಞೆಯಲ್ಲದೆ ಇನ್ನೇನು ಇದು?

ಆ ಸಂಜ್ಞೆ ಮಾಡಿಕೊಡುವ ಕೈ ಮಾತ್ರ ನನ್ನದು...

"ಮಾಡೋಣ ಬಿಡ್ರಿ," ಎಂದಳು. ದನಿ ಒಣಗಿತ್ತು.

*

ಎಂಜಿನ್ ಬಿಚ್ಚಿದ ದಿನ ಜುಲ್ಫಿಕಾರ ಕೆಲಸಕ್ಕೆ ಹೋಗದೆ ಅಲ್ಲೇ ಕುಳಿತ. ಹೊಸ ಕ್ಯಾಮ್ ಕೂರಿಸಿದ ಮೇಲೆ ನಾಹಿದಾ ಮಕ್ಕಳ ಆಟದ ಹಸಿರು ಬಣ್ಣದ ಮೆತ್ತನೆ ಮಣ್ಣನ್ನು ತೆಳ್ಳಗೆ ತಟ್ಟಿ ಪಿಸ್ಟನ್ನಿನ ತಲೆಗೆ ಅಂಟಿಸಿದಳು.

ಅವನು ಅಚ್ಚರಿಯಿಂದ ಬಗ್ಗಿ ನೋಡಿದ. "ಇದೇನ್ರಿ? ಎಂಜಿನ್ನಿಗೆ ಆಟದ ಸಾಮಾನು!"

"ಹೊಸ ಕ್ಯಾಮ್ ವಾಲ್ವನ್ನ ಇನ್ನೂ ಕೆಳಗ ದೂಡತೈತಿ. ಪಿಸ್ಟನ್ ಮ್ಯಾಲೆ ಬರತೈತಿ. ಎಷ್ಟು ಹತ್ರ ಬರತಾವು, ತಾಗತಾವೋ ಇಲ್ಲೋ, ಕಣ್ಣಿಗೆ ಕಾಣೂದಿಲ್ಲ. ಈ ಮಣ್ಣು ಹೇಳತೈತಿ."

"ತಾಗಿದ್ರ?"

"ಎರಡೂ ಹಾಳು."

ಹೆಡ್ ಕೂರಿಸಿ, ಬಿಗಿದು, ಕೈಯಿಂದಲೇ ಎಂಜಿನ್ನನ್ನು ಮೆಲ್ಲನೆ ತಿರುಗಿಸಿದಳು. ಮತ್ತೆ ಬಿಚ್ಚಿದಾಗ ಹಸಿರು ಮಣ್ಣಿನ ಮೇಲೆ ವಾಲ್ವಿನ ಗುರುತು ಮೂಡಿತ್ತು. ಅರ್ಧಚಂದ್ರನಂಥ ತಗ್ಗು. ಬ್ಲೇಡಿನಿಂದ ಕತ್ತರಿಸಿ, ಉಳಿದ ದಪ್ಪ ಅಳೆದು, ಅವನ ಕಡೆ ಹಿಡಿದಳು.

"ನೋಡ್ರಿ. ಇಷ್ಟ ಹತ್ರ ಬಂದಾವು. ಆದ್ರ ತಾಗಿಲ್ಲ."

ಮಣ್ಣಿನ ಚೂರು ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಬೆರಳ ಹತ್ತಿರ ಬಂತು. ಅಲ್ಲೇ ನಿಂತಿತು.

ಹೊರಗೆ ಒಂದು ಆಟೋ ಹಾರ್ನ್ ಹೊಡೆದು ಹೋಯಿತು.

ಸಂಜೆ ಎಂಜಿನ್ ಚಾಲೂ ಆಯಿತು. ನಾಹಿದಾ ವಾಲ್ವ್ ತೆರೆದು ಮುಚ್ಚುವ ಟೈಮಿಂಗನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದ್ದಳು. ಅದು ಕಂಪನಿಯ ಲೆಕ್ಕವಲ್ಲ, ಅವಳ ಕಿವಿಯ ಲೆಕ್ಕ. ಗಾಡಿ ನಿಂತಲ್ಲೇ ಮಿಡಿಯಿತು. ನಡುನಡುವೆ ಒಂದು ಸಣ್ಣ ತಡೆ... ಏನೋ ಹೇಳಲು ಹೋಗಿ ನುಂಗಿಕೊಂಡಂತೆ.

'ಇವನ ಹಂಗ ಆತಲ್ಲ ಸಪ್ಪಳ!' ಎಂದುಕೊಂಡು ಅವಳೇ ಬೆಚ್ಚಿದಳು.

"ಒಂದ ಉಪಕಾರ ಮಾಡ್ರಿ," ಎಂದ ಜುಲ್ಫಿಕಾರ. "ಆ ಸಾಮಾನ ಖೋಲ್ಯಾಗ ಹೋಗಿ ಬಾಗಲಾ ಹಾಕ್ಕೋರಿ. ನಾ ಓಣಿ ತುದಿಯಿಂದ ಬರ್ತೇನಿ. ಗೊತ್ತಾಗತೈತೇನು ನೋಡ್ರಿ."

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಕತ್ತಲು, ಗ್ರೀಸಿನ ವಾಸನೆ. ಹೊರಗೆ ಒಂದು ಬೈಕು ಹೋಯಿತು. ಅವನಲ್ಲ. ಇನ್ನೊಂದು. ಅವನಲ್ಲ.

ಆಮೇಲೆ ಬಂತು. ದೂರದಿಂದ, ಮೆಲ್ಲಗೆ. ಗೋಡೆ ದಾಟಿ, ಬಾಗಿಲು ದಾಟಿ, ಸೀದಾ ಎದೆಯೊಳಗೆ.

ಕೈ ತಾನಾಗಿಯೇ ಚಿಲಕ ತೆಗೆಯಿತು.

"ಗೊತ್ತಾತೇನ್ರಿ, ನಾನ ಅಂತ?" ಅವನ ಕಣ್ಣಲ್ಲಿ ಮಗುವಿನ ಆಸೆಯಿತ್ತು.

"ಗೊತ್ತಾತು..." ಎಂದಳು ನಾಹಿದಾ, ಬೇರೆ ಕಡೆ ನೋಡುತ್ತ.

ಹೊರಡುವ ಮುನ್ನ ಅವನು ತಡೆದು ನಿಂತ. "ಇನ್ನೊಂದು ಮಾತ್ರಿ. ಹಿಂಗ ಇನ್ನೊಬ್ರ ಗಾಡಿಗೆ ಮಾಡಿಕೊಡಬ್ಯಾಡ್ರಿ."

"ನಾವು ಗ್ಯಾರೇಜ್ ನಡಸಾವ್ರು. ಗಿರಾಕಿ ಕೇಳಿದ್ರ ಇಲ್ಲ ಅನ್ನಾಕ ಆಗತೈತೇನು?"

"ಗೊತ್ತೈತ್ರಿ. ಆದ್ರೂ ಕೇಳಾಕತ್ತೇನಿ."

ಯಾಕೆಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ.

"ಆತು. ಮಾತು ಕೊಟ್ಟೇನಿ."

*

ಆಮೇಲೆ ಜುಲ್ಫಿಕಾರ ಏನಾದರೊಂದು ನೆಪ ಮಾಡಿಕೊಂಡು ಬರತೊಡಗಿದ. ಚೈನು ಸಡಿಲಾಯಿತು, ಕ್ಲಚ್ಚು ಬಿಗಿಯಾಯಿತು. ಬರುವಾಗ ಚುರುಮುರಿಯ ಗಿರ್ಮಿಟ್ ಕಟ್ಟಿಸಿಕೊಂಡು ಬರುತ್ತಿದ್ದ. ಮಾತು ಮಾತ್ರ ತರುತ್ತಿರಲಿಲ್ಲ.

"ಈ ಹುಡುಗನ ಗಾಡಿಗೆ ಏನೂ ಆಗಿಲ್ಲ ಬೇಟಿ," ಎಂದರು ಮಕಬೂಲಸಾಬರು ಒಂದು ದಿನ. "ಕಿವಿ ಹೋಗ್ಯಾವು ನಂದು. ಕಣ್ಣು ಹೋಗಿಲ್ಲ."

ನಾಹಿದಾ ಕೆಂಪಾದಳು. ಓಣಿಯ ತುದಿಯಲ್ಲಿ ಆ ಮಿಡಿತ ಕೇಳಿದ ಕೂಡಲೇ ಕೈಯ ಕೆಲಸ ನಿಲ್ಲುತ್ತಿತ್ತು. 'ಬಾಗಲಾ ಹಿಂದ ಯಾರೂ ಇಲ್ಲದಿದ್ರ... ಎಲ್ಲಾ ನನ್ನ ಹುಚ್ಚು ಅನುಮಾನ ಆಗಿದ್ರ...' ಎಂಬ ಆಸೆ ಮೆಲ್ಲಗೆ ಚಿಗುರತೊಡಗಿತ್ತು.

ಅದು ಒಣಗಲು ಒಂದು ಮಧ್ಯಾಹ್ನ ಸಾಕಾಯಿತು.

ಧಾರವಾಡದ ಮಾಳಮಡ್ಡಿಯಲ್ಲಿ ಮಡಿವಾಳಪ್ಪ ಮಾಸ್ತರು ಎಂಬ ಹಳೆಯ ಗಿರಾಕಿ. ಅವರ ಸ್ಕೂಟರು ಚಾಲೂ ಆಗುತ್ತಿರಲಿಲ್ಲ. ಅವರ ಮನೆಗೇ ಹೋಗಿ ಅಂಗಳದಲ್ಲಿ ಕೂತು ಪ್ಲಗ್ ಒರೆಸುತ್ತಿದ್ದ ನಾಹಿದಾಳ ಕೈ ತಟ್ಟನೆ ನಿಂತಿತು.

ಆ ಮಿಡಿತ!

ಎದುರಿನ ಮನೆಯ ಮುಂದೆ ಗಾಡಿ ಬಂದು ನಿಂತಿತು. ಮಾಳಿಗೆಯ ಮೇಲೆ ಬಿಗಿಯಾಗಿ ಮುಚ್ಚಿದ್ದ ಕಿಟಕಿ ತೆರೆಯಿತು. ಒಬ್ಬಳು ಹುಡುಗಿ... ಇಪ್ಪತ್ತೋ ಇಪ್ಪತ್ತೆರಡೋ... ಚೆಂದದ ಮುಖ. ಕೆಳಗೆ ನೋಡಿ ನಕ್ಕಳು. ಜುಲ್ಫಿಕಾರ ತಲೆಯೆತ್ತಿ ಕೈ ಮಾಡಿದ. ಕೈಚೀಲದಲ್ಲಿ ತರಕಾರಿಯಿತ್ತು.

"ಹೊಸದಾಗಿ ಬಂದಾರವ್ವ," ಎಂದರು ಮಾಸ್ತರು ಅವಳ ನೋಟ ಹಿಡಿದು. "ಗಂಡ ಹೆಂಡ್ತಿ ಇರಬೇಕು. ಆಕಿ ಹೊರಗ ಬರೂದಿಲ್ಲ, ಯಾರ ಜೋಡಿನೂ ಮಾತಿಲ್ಲ. ಕಿಡಕಿ ಸದಾ ಮುಚ್ಚಿರತೈತಿ. ಅಂವ ಬಂದ್ರ ಮಾತ್ರ ತೆಗಿತಾಳ ನೋಡು. ಭಾಳ ಪ್ರೀತಿ ಕಾಣಸ್ತೈತಿ."

ಗಂಡ ಹೆಂಡತಿ!

ಪ್ಲಗ್ಗು ಕೈಯಿಂದ ಜಾರಿ ಮಣ್ಣಿಗೆ ಬಿತ್ತು.

ಮುಂದಿನ ಸಲ ಜುಲ್ಫಿಕಾರ ಗ್ಯಾರೇಜಿಗೆ ಬಂದಾಗ ನಾಹಿದಾ ತಲೆಯೆತ್ತಲಿಲ್ಲ.

"ನಿಮ್ಮ ಗಾಡಿ ಸರಿ ಐತಿ. ಇನ್ನ ಬರೂದು ಬ್ಯಾಡ್ರಿ."

"ನಾಹಿದಾ ಅವರ... ಏನಾತ್ರಿ?"

"ನಾ ಕೇಳಿದ್ದಕ್ಕ ನೀವು ಯಾವತ್ತರೆ ಉತ್ತರಾ ಕೊಟ್ಟೀರೇನು? ಈಗ ನಾ ಯಾಕ ಕೊಡಬೇಕು?"

ಅವನು ಗಿರ್ಮಿಟ್ಟಿನ ಪೊಟ್ಟಣವನ್ನು ಹಲಗೆಯ ಮೇಲಿಟ್ಟು ಹೊರಟುಹೋದ.

ಆ ಮಿಡಿತ ಓಣಿ ದಾಟಿ ಕೇಳದಾಗುವವರೆಗೂ ನಾಹಿದಾ ಉಸಿರು ಬಿಗಿಹಿಡಿದಿದ್ದಳು. ಆಮೇಲೆ ಅತ್ತಳು... ಎಂಜಿನ್ ಆಯಿಲ್ ಹತ್ತಿದ ಕೈಯಿಂದಲೇ ಮುಖ ಒರೆಸಿಕೊಂಡು.

*

ಕೆಲವು ದಿನಗಳ ನಂತರ ಬಂದವನ ಹೆಸರು ಅರಫಾತ. ಅದೇ ಕಂಪನಿಯ ಗಾಡಿ, ಅದೇ ಬಣ್ಣ. ಬಾಯಿ ತುಂಬ ಮಾತು.

"ಸಲಾಂ ಚಾಚಾ! ಮಿರ್ಚಿ ಭಜಿ ತಂದೇನಿ, ಬಿಸಿ ಐತಿ, ತಿನ್ರಿ!" ಎಂದು ಸಾಹೇಬರ ಪಕ್ಕದಲ್ಲಿ ಕುಳಿತೇಬಿಟ್ಟ. ಆಮೇಲೆ ನಾಹಿದಾಳ ಕಡೆ ತಿರುಗಿ, "ಆ ಜುಲ್ಫಿಕಾರನ ಗಾಡಿ ನೀವ ಮಾಡಿದ್ದಂತಲ್ರಿ? ಏನ್ ಸಪ್ಪಳ ಐತಿ ಅದು! ನಂಗೂ ಥೇಟ್ ಹಂಗ ಬೇಕು. ಒಂದೀಟೂ ಫರಕ ಇರಬಾರದು."

ನಾಹಿದಾಳ ನಾಲಿಗೆಯ ತುದಿಗೆ 'ಆಗೂದಿಲ್ಲ' ಎಂಬ ಮಾತು ಬಂತು. ಮಾತು ಕೊಟ್ಟಿದ್ದಳಲ್ಲ...

ಆಗಲೇ ಆ ಕಿಟಕಿ ಕಣ್ಣ ಮುಂದೆ ತೆರೆಯಿತು. ಆ ನಗು, ಆ ತರಕಾರಿ ಚೀಲ.

'ಯಾರಿಗೆ ಕೊಟ್ಟ ಮಾತು? ಹೆಂಡ್ತೀನ್ನ ಮುಚ್ಚಿಟ್ಟು ನನ್ನ ಮುಂದ ಕಣ್ಣು ಮುಚ್ಚಿ ಕುಂತವಗ ಕೊಟ್ಟ ಮಾತು! ಊರ ತುಂಬ ಅದ ಸಪ್ಪಳ ಆಗ್ಲಿ. ಆಕಿ ದಿನಾ ಹತ್ತು ಸಲ ಕಿಡಕಿ ತೆಗದು ನೋಡ್ಲಿ!'

"ಗಾಡಿ ಬಿಟ್ಟು ಹೋಗ್ರಿ," ಎಂದಳು.

ಮರುದಿನ ಅದೇ ಜಾತಿಯ ಮೆತ್ತನೆ ಕ್ಯಾಮನ್ನು ಪೆಟ್ಟಿಗೆಯಿಂದ ತೆಗೆದಿಟ್ಟಳು. ಬೋಲ್ಟಿಗೆ ಸ್ಪ್ಯಾನರ್ ಹಚ್ಚಿದ್ದಳು, ಅಷ್ಟರಲ್ಲಿ ಅರಫಾತ ಸಾಹೇಬರಿಗೆ ಮಿರ್ಚಿ ಹಿಡಿದು ಮತ್ತೆ ಬಂದ.

"ಲಗೂ ಮಾಡ್ರಿ ನಾಹಿದಾಬಿ. ಮತ್ತ ಒಂದ ಮಾತು... ಗ್ವಾಡಿ ಆಚೆ ಕೇಳಿದ್ರೂ ಅಂವನ ಬಂದಾನ ಅನ್ನಸಬೇಕು ನೋಡ್ರಿ."

ಸ್ಪ್ಯಾನರ್ ನಿಂತಿತು.

ಗ್ವಾಡಿ ಆಚೆ. ಅದೇ ಮಾತು. ಆದರೆ ಅದೇ ಅಲ್ಲ! 'ನನ್ನ ಗಾಡಿ ಅಂತ ಗೊತ್ತಾಗಬೇಕು' ಎಂದಿದ್ದ ಜುಲ್ಫಿಕಾರ. ಇವನು 'ಅಂವನ ಬಂದಾನ ಅನ್ನಸಬೇಕು' ಎನ್ನುತ್ತಿದ್ದಾನೆ. ಅವನಿಗೆ ತಾನು ತಾನೇ ಎಂದು ತಿಳಿಸಬೇಕಿತ್ತು. ಇವನಿಗೆ ಇನ್ನೊಬ್ಬನಂತೆ ಕೇಳಿಸಬೇಕಿದೆ.

ಇಷ್ಟು ದಿನ ಒಂದೇ ಕಡೆ ಉರಿಯುತ್ತಿದ್ದ ಅನುಮಾನ ಮೊದಲ ಸಲ ದಿಕ್ಕು ಬದಲಿಸಿತು.

"ಯಾರಿಗೆ ಅನ್ನಸಬೇಕ್ರಿ?" ನಕ್ಕಂತೆ ಮಾಡಿ ಕೇಳಿದಳು.

ನಗು ಕಂಡು ಅರಫಾತ ಸಡಿಲಾದ. "ಏನ್ ಹೇಳ್ಲಿ... ನನ್ನ ಹೆಂಡ್ತಿ ಫಿಜಾ ಸಿಟ್ಟಾಗಿ ಅಣ್ಣನ ಮನ್ಯಾಗ ಕುಂತಾಳ, ಮಾಳಮಡ್ಡ್ಯಾಗ. ಕೋರ್ಟು ಗೀರ್ಟು ಅಂತ ಹಚ್ಯಾರ. ನಾ ಹ್ವಾದ್ರ ಬಾಗಲಾ ತೆಗಿಯೂದಿಲ್ಲ. ಆ ಜುಲ್ಫಿಕಾರನ ಗಾಡಿ ಸಪ್ಪಳ ಕೇಳಿದ್ರ ಮಾತ್ರ ಚಿಲಕ ತೆಗಿತಾಳಂತ. ಒಮ್ಮೆ ತೆಗದ್ರ ಸಾಕು. ಮುಂದಿಂದು ನಾ ನೋಡ್ಕೋತೇನಿ."

ಕೊನೆಯ ಮಾತು ಹೇಳುವಾಗ ಅವನ ನಗು ಹಾಗೇ ಇತ್ತು. ಕಣ್ಣಲ್ಲಿ ಮಾತ್ರ ನಗುವಿರಲಿಲ್ಲ.

ಅಣ್ಣ... ಅಣ್ಣ!

ನಾಹಿದಾಳ ಮುಂದಿದ್ದ ಆ ಮೊಟ್ಟೆಯಾಕಾರದ ಉಕ್ಕು ಈಗ ಎಂಜಿನ್ನಿನ ಭಾಗವಾಗಿ ಕಾಣಲಿಲ್ಲ. ಒಂದು ಮನೆಯ ಕಳ್ಳ ಕೀಲಿಯಾಗಿ ಕಂಡಿತು.

"ನಾಳಿ ಸಂಜಿಗೆ ಬರ್ರಿ," ಎಂದಳು, ನಗು ಬಿಡದೆ.

ಅವನು ಹೋದ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತು, ಕಿವಿಯ ಹತ್ತಿರ ಎಲ್ಲವನ್ನೂ ಹೇಳಿದಳು. ಮಕಬೂಲಸಾಬರು ಕೈಯಲ್ಲಿದ್ದ ಮಿರ್ಚಿಯನ್ನು ಕೆಳಗಿಟ್ಟರು.

"ಕ್ಯಾಮ್ ಪೆಟ್ಟಿಗ್ಯಾಗ ಇಡು. ಗಾಡಿ ಬೋಲ್ಟ್ ಮೊದಲಿನ ಹಂಗ ಬಿಗಿ. ಗಾಡಿದೇನೂ ತಪ್ಪಿಲ್ಲ." ಸ್ವಲ್ಪ ತಡೆದು, "ಮತ್ತ ನೀ ಧಾರವಾಡಕ್ಕ ಹೋಗು ಬೇಟಿ. ಈಗ."

*

ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಕೂತವಳಿಗೆ ದಾರಿಯ ನವನಗರ ದಾಟಿದ್ದೂ ತಿಳಿಯಲಿಲ್ಲ.

ಮಾಳಿಗೆಯ ಬಾಗಿಲು ತಟ್ಟಿದಳು. ಒಳಗೆ ಏನೋ ಸರಿದಾಡಿತು. ಆಮೇಲೆ ಮೌನ. ಇನ್ನೊಮ್ಮೆ ತಟ್ಟಿದಳು. ಮೌನ ಇನ್ನಷ್ಟು ಗಟ್ಟಿಯಾಯಿತು. ಬಾಗಿಲ ಆ ಕಡೆ ಒಬ್ಬರು ಉಸಿರು ಬಿಗಿಹಿಡಿದು ನಿಂತಿದ್ದಾರೆ ಎಂದು ನಾಹಿದಾಳ ಕಿವಿಗೆ ಗೊತ್ತಾಯಿತು.

"ಫಿಜಾ ಅವರ... ನಾ ನಾಹಿದಾ. ನಿಮ್ಮ ಅಣ್ಣನ ಗಾಡಿ ಸಪ್ಪಳ ಮಾಡಿದಾಕಿ."

ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು.

"ನಿಮ್ಮ ಹೆಸರ ಕೇಳೇನ್ರಿ," ಎಂದಳು ಫಿಜಾ, ಬಾಗಿಲನ್ನು ಮತ್ತೆ ಭದ್ರ ಮಾಡುತ್ತ. "ಅಣ್ಣ ಒಂದ ಸಲ ಹೇಳಿದ್ದ. ಅಂವ ಒಂದ ಸಲ ಹೇಳಿದ್ರ ಭಾಳ ಆತು ಅಂತ ತಿಳೀರಿ."

ಚಹಾ ಕುದಿಯುವಷ್ಟರಲ್ಲಿ ಫಿಜಾ ಎಲ್ಲ ಹೇಳಿದಳು. ಮದುವೆಯಾದ ಹೊಸದರಲ್ಲಿ ಗಂಡ, ಅಣ್ಣ ಇಬ್ಬರೂ ಒಂದೇ ದಿನ ಒಂದೇ ಶೋರೂಮಿನಿಂದ ಗಾಡಿ ತಂದಿದ್ದರು. ಗಂಡನ ಗಾಡಿ ಮನೆಮುಂದೆ ನಿಂತಿತೆಂದರೆ ಅವತ್ತಿನ ಹೊಡೆತ ಶುರುವೆಂದು ಅರ್ಥ. ಕೊನೆಗೊಂದು ದಿನ ಉಟ್ಟ ಬಟ್ಟೆಯಲ್ಲೇ ಅಣ್ಣನ ಹತ್ತಿರ ಬಂದಳು. ಆದರೆ ಆ ಸಪ್ಪಳ ಬೆನ್ನು ಬಿಡಲಿಲ್ಲ.

"ಅಣ್ಣ ಮನಿಗೆ ಬಂದ್ರೂ ಕೈಕಾಲು ನಡಗತಿದ್ವು ನಂಗ. ಫೋನ್ ಮಾಡೇ ಬರತಿದ್ದ. ಆದ್ರ ಸಪ್ಪಳ ಕೇಳಿದ ಕೂಡಲೆ ಫೋನ್ ಎಲ್ಲಾ ಮರತು ಕಪಾಟಿನ ಹಿಂದ ಹೋಗಿ ನಿಂದ್ರತಿದ್ದೆ. ಗಾಡಿ ಮಾರ್ತೇನಿ ಅಂದ. ನಾ ಬ್ಯಾಡ ಅಂದೆ. ಅವನ ಸಲುವಾಗಿ ನಾವು ಮತ್ತೇನ ಕಳಕೋಬೇಕ್ರಿ? ಆಮ್ಯಾಲ ಒಂದಿನ ಬ್ಯಾರೆ ಸಪ್ಪಳ ತಂದ... ಅವತ್ತ ನಾ ಕಿಡಕಿ ತೆಗದೆ."

ನಾಹಿದಾ ತಲೆ ತಗ್ಗಿಸಿದಳು. ಯಾವ ಕಿಟಕಿಯನ್ನು ನೋಡಿ ಉರಿದಿದ್ದಳೋ ಆ ಕಿಟಕಿ ತೆರೆಯಲು ಅವಳದೇ ಕೈ ಕಾರಣವಾಗಿತ್ತು.

ಅಷ್ಟರಲ್ಲಿ ದೂರದಿಂದ ಮಿಡಿತ ಬಂತು. ಗೋಡೆಯಾಚೆ. ಫಿಜಾಳ ಭುಜ ಇಳಿದು ಹಗುರವಾದದ್ದನ್ನು ನಾಹಿದಾ ನೋಡಿದಳು.

ಒಳಗೆ ಬಂದ ಜುಲ್ಫಿಕಾರ ಹೊಸ್ತಿಲಲ್ಲೇ ನಿಂತ. ನಾಹಿದಾ ಅರಫಾತನ ವಿಷಯವೆಲ್ಲ ಹೇಳಿದಳು. ಹೇಳದೆ ಉಳಿಸಬಹುದಾಗಿದ್ದ ಒಂದನ್ನೂ ಹೇಳಿದಳು.

"ನಾ ಒಪ್ಪಿಕೊಂಡಿದ್ದೆ. ನಿಮಗ ಕೊಟ್ಟ ಮಾತು ಮುರದು ಅವಂಗ ಹಾಕಾಕ ಹೊಂಟಿದ್ದೆ. ಸ್ಪ್ಯಾನರ್ ಹಚ್ಚಿದ್ದೆ."

ಅವನ ಮುಖ ಬಿಳಿಚಿತು. "ಯಾಕ್ರಿ?"

"...ಸುಮ್ನ."

ಅವನು ಅವಳನ್ನೇ ನೋಡಿದ. "ಸುಮ್ನ ಯಾರೂ ಎಂಜಿನ್ ಬಿಚ್ಚೂದಿಲ್ರಿ."

ನಾಹಿದಾಳ ಕಣ್ಣು ತುಂಬಿತು. "ಕಿಡಕ್ಯಾಗ ಇವರ್ನ ನೋಡಿದೆ. ನಿಮ್ಮ... ನಿಮ್ಮ ಹೆಂಡ್ತಿ ಅಂತ ತಿಳದೆ! ಹೊಟ್ಟಿ ಉರೀತು. ನೀವರೆ ಒಂದು ಮಾತು ಹೇಳಬಾರದಾಗಿತ್ತೇನು?"

"ತಂಗಿ ಮನಿ ಮಾತು... ಊರಾಗ ಗೊತ್ತಾಗಬಾರದಂತನ ಅಷ್ಟು ದೂರ ಬಂದಿದ್ದೆ. ಓಣ್ಯಾಗ ಹೆಂಗ ಹೇಳ್ಲಿ ಅಂದ್ಕೊಂಡೆ."

"ಹೆಂಡ್ತಿ ಅಂತೇನು!" ಫಿಜಾ ಬಾಯಿಗೆ ಸೆರಗು ಒತ್ತಿಕೊಂಡಳು. ತಡೆಯಲಾಗದೆ ನಕ್ಕುಬಿಟ್ಟಳು. ಆ ಮನೆಯಲ್ಲಿ ಅಷ್ಟು ಜೋರು ನಗು ಹಿಂದೆ ಎಂದೂ ಕೇಳಿರಲಿಲ್ಲ. ಜುಲ್ಫಿಕಾರ ತಂಗಿಯನ್ನೇ ನೋಡುತ್ತ ನಿಂತ. ಅವನ ಸಿಟ್ಟು ಎಲ್ಲೋ ದಾರಿ ತಪ್ಪಿತು.

ನಗು ಮುಗಿದ ಮೇಲೆ ಫಿಜಾ ಕಣ್ಣೊರೆಸಿಕೊಂಡು, "ನಾಳಿ ಸಂಜಿ ನಾನೂ ಗ್ಯಾರೇಜಿಗೆ ಬರ್ತೇನಿ," ಎಂದಳು. ಅಣ್ಣ ಬೇಡವೆಂದ. ಅವಳು ಕೇಳಲಿಲ್ಲ.

*

ಮರುದಿನ ಅರಫಾತ ಬಂದಾಗ ಅವನ ಗಾಡಿ ಓಣಿಯಲ್ಲಿ ಹೊರಗೆ ನಿಂತಿತ್ತು. ಚಾಲೂ ಮಾಡಿ ಕಿವಿಗೊಟ್ಟ. ಮುಖ ಗಂಟಾಯಿತು.

"ಏನ್ರಿ ಇದು? ಮೊದಲಿನ ಸಪ್ಪಳನ ಐತಿ!"

"ಹೌದ್ರಿ. ನಿಮ್ಮ ಗಾಡಿಗೆ ನಿಮ್ಮ ಸಪ್ಪಳನ ಇರ್ಲಿ," ಎಂದಳು ನಾಹಿದಾ. "ಯಾರು ಬಂದ್ರು ಅಂತ ದೂರದಿಂದನ ಗೊತ್ತಾಗತೈತಿ."

ಒಳಗಿನಿಂದ ಫಿಜಾ ಹೊರಬಂದಳು. ಬಣ್ಣ ಬಿಟ್ಟಿದ್ದ ಮುಖ. ಆದರೆ ಕಾಲು ಹಿಂದೆ ಸರಿಯಲಿಲ್ಲ. ಹಿಂದೆ ಜುಲ್ಫಿಕಾರ ನಿಂತಿದ್ದ. ಅವನಿಗೆ ಮಾತಾಡಲು ಅವಳು ಬಿಡಲಿಲ್ಲ.

"ಬಾಗಲಾ ತೆಗಸಾಕ ಅಣ್ಣನ ಸಪ್ಪಳ ಕದಿಯಾಕ ಬಂದ್ಯಲ್ಲ ಅರಫಾತ. ನಿನ್ನ ಸಪ್ಪಳಕ್ಕ ಯಾವ ಬಾಗಲಾನೂ ತೆಗಿಯೂದಿಲ್ಲ ಅಂತ ನಿನಗೂ ಗೊತ್ತೈತಿ ಅಂದಂಗಾತು. ಮುಂಜಾನೆ ಠಾಣ್ಯಾಗ ಎಲ್ಲಾ ಬರಸಿ ಬಂದೇನಿ. ನಾಹಿದಾ ಅವರು ಸಾಕ್ಷಿ ಹಾಕ್ಯಾರ."

ಅರಫಾತ ಹಲ್ಲು ಕಚ್ಚಿ ಏನೋ ಗೊಣಗಿದ. ಕೆಟ್ಟ ಮಾತು.

ಮಕಬೂಲಸಾಬರು ಕಿವಿಗೆ ಕೈ ಹಚ್ಚಿ ಎದ್ದು ನಿಂತರು. "ಏನಂದ್ರಿ? ನಂಗ ಕೇಳಸೂದಿಲ್ಲ. ಜೋರ ಹೇಳ್ರಿ, ಓಣಿ ಮಂದಿಗೂ ಕೇಳ್ಲಿ!"

ಓಣಿಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಟೇಲರು, ಚಹಾದಂಗಡಿಯವರು, ಮನೆಗಳ ಹೆಂಗಸರು. ಅರಫಾತ ಎಲ್ಲರನ್ನೂ ನೋಡಿದ. ಗಾಡಿ ಹತ್ತಿ ಹೋದ. ಅವನ ಸಪ್ಪಳ ಓಣಿ ದಾಟುವವರೆಗೂ ಫಿಜಾ ಕಿವಿ ಮುಚ್ಚಿಕೊಳ್ಳಲಿಲ್ಲ.

*

ಮಳೆಗಾಲ ಹಿಂದಾದ ಒಂದು ಸಂಜೆ. ಮಾಳಮಡ್ಡಿಯ ಆ ಕಿಟಕಿ ಈಗ ಹಗಲೆಲ್ಲ ತೆರೆದೇ ಇರುತ್ತದೆ ಎಂದು ಮಡಿವಾಳಪ್ಪ ಮಾಸ್ತರು ಫೋನಿನಲ್ಲಿ ಹೇಳಿದ್ದರು. ಫಿಜಾ ಅವರ ಮೊಮ್ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದಾಳಂತೆ. ಗಂಡ ಹೆಂಡತಿ ಎಂದು ಹೇಳಿದ್ದಕ್ಕೆ ಮಾಸ್ತರು ತಪ್ಪಾಯಿತೆಂದು ಮತ್ತೆ ಮತ್ತೆ ಹೇಳಿಕೊಂಡರು.

ಜುಲ್ಫಿಕಾರ ಗ್ಯಾರೇಜಿಗೆ ಬಂದ. ಕೈಯಲ್ಲಿ ಗಿರ್ಮಿಟ್.

"ಗಾಡಿಗೆ ಏನಾಗೈತ್ರಿ ಇವತ್ತು?" ಎಂದಳು ನಾಹಿದಾ, ನಗು ತಡೆದು.

"ಏನೂ ಆಗಿಲ್ಲ. ಒಂದ ಉಪಕಾರ ಮಾಡ್ರಿ. ಆ ಖೋಲ್ಯಾಗ ಹೋಗಿ ಬಾಗಲಾ ಹಾಕ್ಕೋರಿ."

"ಮತ್ತ ಯಾಕ?"

ಅವನು ಉತ್ತರ ಕೊಡಲಿಲ್ಲ. ಈ ಸಲದ ಮೌನ ಮುಚ್ಚಿದ ಬಾಗಿಲಿನಂತಿರಲಿಲ್ಲ.

ಒಳಗೆ ಕತ್ತಲು, ಅದೇ ಗ್ರೀಸಿನ ವಾಸನೆ. ನಾಹಿದಾ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಆನಿಸಿ ನಿಂತಳು. ಮಿಡಿತ ಓಣಿಯ ತುದಿಯಿಂದ ಬಂತು, ಬಾಗಿಲ ಮುಂದೆ ನಿಂತಿತು, ಆರಿತು.

"ನಾಹಿದಾ..." ಹಲಗೆಯ ಆ ಕಡೆಯಿಂದ ಅವನ ದನಿ. "ಎದುರಿಗೆ ನಿಂತ್ರ ನಂಗ ಮಾತ ಬರೂದಿಲ್ಲ. ಅದಕ್ಕ ಹಿಂಗ. ಆ ದಿನ ನೀವು ಒಳಗಿಂದ ಚಿಲಕ ತೆಗದ್ರಲ್ಲ... ಅವತ್ತಿಂದ ನಂಗ ಎರಡು ಮನಿ ಆಗ್ಯಾವು. ತಂಗಿ ಸಲುವಾಗಿ ಮಾಡಿಸಿದ ಸಪ್ಪಳ ಇದು. ಇದಕ್ಕ ಇನ್ನೊಂದು ಬಾಗಲಾ ತೆಗಿತೈತೇನು? ನಿಮ್ಮ ಅಬ್ಬಾನ್ನ ಕೇಳಾಕ ನಾಳಿ ಫಿಜಾ ಬರ್ತೇನಿ ಅಂತಾಳ. ಅದಕ್ಕೂ ಮೊದಲ ನಿಮ್ಮನ್ನ ಕೇಳಬೇಕು ಅನ್ನಿಸ್ತು."

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ನಾಹಿದಾಳ ಕೈ ಚಿಲಕದ ಮೇಲಿತ್ತು. ಅವಳಿಗೆ ಆ ಹಸಿರು ಮಣ್ಣು ನೆನಪಾಯಿತು. ಇಷ್ಟು ಹತ್ತಿರ... ತಾಗದಂತೆ...

"ಯಾರು ಹೊರಗ?" ಎಂದಳು.

"...ನಾನ್ರಿ."

"ಅನುಮಾನ ಐತಿ ನಂಗ. ಇನ್ನೊಮ್ಮೆ ಚಾಲೂ ಮಾಡ್ರಿ."

ಹೊರಗೆ ಅವನು ನಕ್ಕದ್ದು ಕೇಳಿಸಿತು. ಆಮೇಲೆ ಗಾಡಿ ಮಿಡಿಯಿತು, ನಡುವೆ ಆ ಸಣ್ಣ ತಡೆಯೊಂದಿಗೆ.

ಚಿಲಕ ಸರಿಯಿತು. ಬಾಗಿಲಲ್ಲಿ ನಾಹಿದಾ ನಿಂತಿದ್ದಳು, ಕಣ್ಣು ಒದ್ದೆ, ತುಟಿಯಲ್ಲಿ ನಗು.

"ಈಗ ಗೊತ್ತಾತೇನು?" ಎಂದ ಅವನು, ಮೆಲ್ಲಗೆ.

"ಹ್ಞೂಂ," ಎಂದಳು. "ಜೋರ ಇಲ್ಲ... ಬ್ಯಾರೆ ಐತಿ."